ತಾಯ ಗರ್ಭದ ಮೊದಲ ವಾರಗಳು ಮತ್ತು ನಮ್ಮ ಮನೆಗಳು

(ಜುಮಾ ಖುತ್ಬಾದ ಸಾರಾಂಶ)

 

ಪ್ರೀತಿಯ ಸಹೋದರರೇ, ಈ ಪುಟವನ್ನು ಮನೆಯಲ್ಲಿ ಓದುವ ಸಹೋದರಿಯರೇ, ಇಂದು ನಾವು ಎತ್ತಿಕೊಂಡಿರುವ ವಿಷಯ ಮಿಂಬರ್‌ನಿಂದ ಹೆಚ್ಚಾಗಿ ಕೇಳಿಬರುವಂಥದ್ದಲ್ಲ. ತಾಯ ಗರ್ಭದಲ್ಲಿ ಮೊದಲ ಕೆಲವು ವಾರಗಳಲ್ಲಿ ಮಗು ಹೇಗೆ ರೂಪುಗೊಳ್ಳುತ್ತದೆ ಎಂಬುದೇ ಆ ವಿಷಯ. ಕೆಲವರಿಗೆ ಸಂಕೋಚವಾಗಬಹುದು. ಆದರೆ ನಮ್ಮ ಹುಟ್ಟಿನ ಬಗ್ಗೆ ಮಾತನಾಡಲು ಪವಿತ್ರ ಕುರ್‌ಆನ್ ಸಂಕೋಚಪಟ್ಟಿಲ್ಲ. ಪ್ರವಾದಿ(ಸ)ರ ಮೇಲೆ ಮೊದಲು ಅವತೀರ್ಣವಾದ ವಚನಗಳಿರುವ ಅಧ್ಯಾಯದ ಹೆಸರು ಅಲ್ ಅಲಕ್. ಅದು ಗರ್ಭದ ಒಂದು ಹಂತದ ಹೆಸರೇ ಆಗಿದೆ. ಉಮ್ಮು ಸುಲೈಮ್(ರ) ಸ್ತ್ರೀಯರ ಸ್ನಾನದ ವಿಚಾರವಾಗಿ ಪ್ರವಾದಿ(ಸ)ರಲ್ಲಿ ನೇರವಾಗಿ ಪ್ರಶ್ನೆ ಕೇಳಿದಾಗ ಅಲ್ಲಿದ್ದ ಉಮ್ಮು ಸಲಮಾ(ರ) ನಾಚಿ ಮುಖ ಮುಚ್ಚಿಕೊಂಡರು. ಪ್ರವಾದಿ(ಸ) ಮಾತ್ರ ಸ್ಪಷ್ಟವಾಗಿ ಉತ್ತರಿಸಿದರು. ಹೆಣ್ಣಿನ ಕಡೆಯಿಂದ ಏನೂ ಇಲ್ಲದಿದ್ದರೆ ಮಗು ತಾಯಿಯನ್ನು ಹೋಲುವುದಾದರೂ ಹೇಗೆ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿ ಇದೆ. ಅನ್ಸಾರಿ ಮಹಿಳೆಯರನ್ನು ಆಯಿಶಾ(ರ) ಹೊಗಳಿದ್ದು ಇದೇ ಕಾರಣಕ್ಕೆ: ಅವರ ನಾಚಿಕೆ ಧರ್ಮದ ತಿಳುವಳಿಕೆಗೆ ಅಡ್ಡಿಯಾಗಲಿಲ್ಲ.

ನಾವು ಈ ವಿಷಯ ಎತ್ತಿಕೊಳ್ಳಲು ಕಾರಣವಿದೆ. ದುಆ ಮಾಡಿಸಲು, ತಾವೀಝ್ ಕೇಳಲು ನಮ್ಮಲ್ಲಿಗೆ ಬರುವವರಲ್ಲಿ ಗರ್ಭ ನಿಲ್ಲದ ಹೆಣ್ಣುಮಕ್ಕಳ ತಾಯಂದಿರು ಬಹಳ. ಅವರು ಹೇಳುವ ದುಃಖದಲ್ಲಿ ಅರ್ಧ ಪಾಲು ಮಗು ಹೋದದ್ದಕ್ಕೆ. ಉಳಿದ ಅರ್ಧ ಮನೆಯವರ ಮಾತಿಗೆ. ಸೊಸೆಯ ಕಾಲ್ಗುಣ ಸರಿಯಿಲ್ಲ, ಮದುವೆಮನೆಗೆ ಹೋಗಿ ಕುಣಿದಾಡಿದಳು, ನೀರಿನ ಕೊಡ ಎತ್ತಿದಳು, ಸ್ಕೂಟರ್ ಓಡಿಸಿದಳು, ನಜರ್ ತಾಗಿಸಿಕೊಂಡು ಬಂದಳು. ಆ ಒಳಮನೆಯಲ್ಲಿ ಏನು ನಡೆಯುತ್ತದೆ ಎಂದು ತಿಳಿಯದೆಯೇ ನಾವು ತೀರ್ಪು ಕೊಡುತ್ತಿದ್ದೇವೆ. ಆದುದರಿಂದ ಮೊದಲು ತಿಳಿಯೋಣ.

ಅಲ್ ಮುಅ್ಮಿನೂನ್ ಅಧ್ಯಾಯದ 12ರಿಂದ 14ರ ವರೆಗಿನ ವಚನಗಳಲ್ಲಿ ಅಲ್ಲಾಹನು ಹಂತಗಳನ್ನು ಹೇಳುತ್ತಾನೆ. ಮಣ್ಣಿನ ಸಾರದಿಂದ ಆರಂಭ. ಬಳಿಕ ಭದ್ರವಾದ ತಾಣದಲ್ಲಿ ನುತ್ಫಾ, ಅಂದರೆ ಬಿಂದು. ಬಳಿಕ ಅಲಕಾ, ಅಂಟಿಕೊಂಡದ್ದು. ಬಳಿಕ ಮುದ್ಗಾ, ಅಗಿದ ತುತ್ತಿನಷ್ಟು ಮಾಂಸ. ಆಮೇಲೆ ಎಲುಬು, ಎಲುಬಿಗೆ ಮಾಂಸದ ಹೊದಿಕೆ. ಕೊನೆಗೆ ಮತ್ತೊಂದು ಸೃಷ್ಟಿ. ಅಲ್ ಇನ್ಸಾನ್ ಅಧ್ಯಾಯದಲ್ಲಿ ಈ ಬಿಂದುವನ್ನು ಮಿಶ್ರಿತವಾದದ್ದು ಎಂದು ಕರೆಯಲಾಗಿದೆ. ಗಂಡು-ಹೆಣ್ಣು ಇಬ್ಬರ ಪಾಲೂ ಅದರಲ್ಲಿ ಬೆರೆತಿದೆ ಎಂದು ಮುಫಸ್ಸಿರ್‌ಗಳು ವಿವರಿಸಿದ್ದಾರೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇವೆ. ಕುರ್‌ಆನಿನ ಒಂದೊಂದು ಪದವನ್ನೂ ವೈದ್ಯಕೀಯ ಪುಸ್ತಕದ ಒಂದೊಂದು ದಿನಕ್ಕೆ ಜೋಡಿಸಿ ತೋರಿಸುವ ಭಾಷಣಗಳು ಮೊಬೈಲ್‌ನಲ್ಲಿ ಬೇಕಾದಷ್ಟಿವೆ. ನಾವು ಆ ಕೆಲಸ ಮಾಡುವುದಿಲ್ಲ. ಕುರ್‌ಆನ್ ಮಾರ್ಗದರ್ಶನದ ಗ್ರಂಥ. ನೀನು ಎಲ್ಲಿಂದ ಬಂದೆ ಎಂದು ನೆನಪಿಸಿ ಅಹಂಕಾರ ಇಳಿಸಲು, ಪುನರುತ್ಥಾನವನ್ನು ನಂಬಿಸಲು ಅದು ಗರ್ಭದ ಮಾತು ಎತ್ತುತ್ತದೆ. ವಿಜ್ಞಾನದ ವಿವರಗಳು ಕಾಲ ಕಾಲಕ್ಕೆ ತಿದ್ದುಪಡಿಯಾಗುತ್ತವೆ. ಕುರ್‌ಆನನ್ನು ಅವುಗಳ ಬಾಲಕ್ಕೆ ಕಟ್ಟಬೇಕಾಗಿಲ್ಲ. ಆದರೆ ಸೃಷ್ಟಿಯನ್ನು ನೋಡಿ, ಯೋಚಿಸಿ ಎಂದು ಅಲ್ಲಾಹನೇ ಆಜ್ಞಾಪಿಸಿರುವಾಗ, ವೈದ್ಯರು ಕಂಡುಕೊಂಡದ್ದನ್ನು ಕೇಳದಿರುವುದೂ ತಪ್ಪು.

ವೈದ್ಯರು ಕಂಡದ್ದು ಹೀಗಿದೆ. ಹೆಣ್ಣಿನ ಅಂಡ ಸುಮಾರು 0.1 ಮಿಲಿಮೀಟರ್, ಸಣ್ಣ ಸಾಸಿವೆ ಕಾಳಿನ ಹತ್ತನೇ ಒಂದು ಪಾಲು. ಸಸ್ತನಿಗಳ ಅಂಡವನ್ನು ಮೊದಲು ಗುರುತಿಸಿದ್ದು ಕಾರ್ಲ್ ಅರ್ನ್‌ಸ್ಟ್ ಫಾನ್ ಬೇಯರ್ ಎಂಬ ವಿಜ್ಞಾನಿ, 1827ರಲ್ಲಿ. ತಿಂಗಳಿಗೊಮ್ಮೆ ಅಂಡಾಶಯದಿಂದ ಹೊರಬರುವ ಈ ಅಂಡ ಒಂದು ದಿನದೊಳಗೆ ಪುರುಷನ ವೀರ್ಯಾಣುವನ್ನು ಕೂಡಬೇಕು, ಇಲ್ಲವಾದರೆ ನಶಿಸುತ್ತದೆ. ಕೂಡುವುದು ಗರ್ಭಕೋಶದಲ್ಲಲ್ಲ, ಅದರ ಪಕ್ಕದ ನಳಿಕೆಯಲ್ಲಿ. ತಾಯಿಯಿಂದ 23 ವರ್ಣತಂತು, ತಂದೆಯಿಂದ 23. ಎರಡೂ ಸೇರಿ 46 ಆದ ಆ ಕ್ಷಣದಲ್ಲೇ ಮಗುವಿನ ಕಣ್ಣಿನ ಬಣ್ಣ, ರಕ್ತದ ಗುಂಪು, ಗಂಡೋ ಹೆಣ್ಣೋ ಎಂಬುದು ನಿರ್ಧಾರವಾಗಿಬಿಡುತ್ತದೆ. ತಾಯಿ ಯಾವಾಗಲೂ ಕೊಡುವುದು ಎಕ್ಸ್ ವರ್ಣತಂತು. ತಂದೆಯ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳಾ ವಿಜ್ಞಾನಿ ಹುಳುಗಳಲ್ಲಿ ಇದನ್ನು ಕಂಡರು. ಮನುಷ್ಯನಲ್ಲೂ ಹಾಗೆಯೇ ಎಂದು ಆಮೇಲೆ ತಿಳಿಯಿತು. ಹೀಗಿರುವಾಗ ಮೂರನೆಯದೂ ಹೆಣ್ಣಾಯಿತೆಂದು ಹೆಂಡತಿಯ ಮೇಲೆ ಮುಖ ಸಿಂಡರಿಸುವ ಗಂಡ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದಾನೆ? ಹೆಣ್ಣನ್ನೂ ಗಂಡನ್ನೂ ಕೊಡುವವನು, ಕೊಡದೆ ಇಡುವವನು ಅಲ್ಲಾಹನೇ ಎಂದು ಅಶ್ಶೂರಾ ಅಧ್ಯಾಯದ ಕೊನೆಯಲ್ಲಿ ಇದೆ. ಅಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಅವನು ಮೊದಲು ಎತ್ತಿದ್ದಾನೆ ಎಂಬುದನ್ನೂ ಗಮನಿಸಿ. ಸ್ಕ್ಯಾನಿಂಗ್‌ನಲ್ಲಿ ಲಿಂಗ ತಿಳಿಯಲು ಹಿಂಬಾಗಿಲು ಹುಡುಕುವುದು 1994ರ ಕಾಯಿದೆಯ ಪ್ರಕಾರ ಅಪರಾಧ, ಶರೀಅತ್ತಿನ ದೃಷ್ಟಿಯಲ್ಲಂತೂ ಜಾಹಿಲಿಯ್ಯದ ಮುಂದುವರಿಕೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಕೂಡಿದ ಬಿಂದು ನಳಿಕೆಯಲ್ಲಿ ಮೆಲ್ಲನೆ ಗರ್ಭಕೋಶದ ಕಡೆಗೆ ಸಾಗುತ್ತದೆ. ಸುಮಾರು 30 ಗಂಟೆಗಳಲ್ಲಿ ಒಂದು ಕಣ ಎರಡಾಗುತ್ತದೆ, ಮೂರನೇ ದಿನಕ್ಕೆ ಎಂಟರ ಆಸುಪಾಸು. ನಾಲ್ಕನೇ ದಿನಕ್ಕೆ ಅದು ಹಿಪ್ಪುನೇರಳೆ ಹಣ್ಣಿನಂತೆ ಗುಂಡುಗುಂಡು ಕಣಗಳ ಗೊಂಚಲು. ವೈದ್ಯರು ಇಟ್ಟಿರುವ ಲ್ಯಾಟಿನ್ ಹೆಸರೂ ಅದೇ ಹಣ್ಣಿನದು. ಇಷ್ಟು ಬೆಳೆದರೂ ಗಾತ್ರ ಮೊದಲಿನಷ್ಟೇ. ಆರನೇ ದಿನದ ಹೊತ್ತಿಗೆ ಅದು ಗರ್ಭಕೋಶದ ಗೋಡೆಗೆ ತಾಗಿ, ಅಂಟಿ, ಒಳಗೆ ಇಳಿಯತೊಡಗುತ್ತದೆ. ಹಳೆಯ ಅನುವಾದಗಳಲ್ಲಿ ಅಲಕಾ ಎಂಬುದಕ್ಕೆ ಹೆಪ್ಪುಗಟ್ಟಿದ ರಕ್ತ ಎಂದು ಮಾತ್ರ ಬರೆಯುತ್ತಿದ್ದರು. ಅರಬಿ ಭಾಷೆಯಲ್ಲಿ ಅಂಟಿಕೊಳ್ಳುವುದು, ತೂಗುವುದು ಎಂಬ ಅರ್ಥವೂ ಇದೆ; ಜಿಗಣೆಗೂ ಅದೇ ಪದ.

ಮೂರನೇ ವಾರದಲ್ಲಿ ಆ ಪುಟ್ಟ ಬಿಲ್ಲೆ ಮೂರು ಪದರಗಳಾಗುತ್ತದೆ. ಮೇಲಿನ ಪದರದಿಂದ ಚರ್ಮ, ಮೆದುಳು, ನರಗಳು. ನಡುವಿನದರಿಂದ ಎಲುಬು, ಸ್ನಾಯು, ಹೃದಯ, ರಕ್ತ. ಒಳಗಿನದರಿಂದ ಕರುಳು, ಶ್ವಾಸಕೋಶ, ಯಕೃತ್ತು. ಮೆದುಳು-ಬೆನ್ನುಹುರಿ ಆಗುವ ರೀತಿಯನ್ನು ನಮ್ಮ ಅಡುಗೆಮನೆಯವರಿಗೆ ಸುಲಭವಾಗಿ ಹೇಳಬಹುದು. ಕರ್ಜಿಕಾಯಿ ಮಾಡುವಾಗ ಹಾಳೆಯ ಎರಡು ಅಂಚುಗಳನ್ನು ಎತ್ತಿ ನಡುವಿನಿಂದ ಎರಡೂ ತುದಿಯ ಕಡೆಗೆ ಒತ್ತುತ್ತಾ ಹೋದರೆ ಹೇಗೋ, ಹಾಗೆಯೇ ಆ ಪದರದ ಅಂಚುಗಳು ಎದ್ದು, ಕುತ್ತಿಗೆಯ ಭಾಗದಲ್ಲಿ ಮೊದಲು ಕೂಡಿ, ಮೇಲಕ್ಕೂ ಕೆಳಕ್ಕೂ ಮುಚ್ಚಿಕೊಳ್ಳುತ್ತವೆ. ತಲೆಯ ತುದಿ ಮುಚ್ಚದಿದ್ದರೆ ಮೆದುಳು ಪೂರ್ತಿ ಬೆಳೆಯುವುದಿಲ್ಲ. ಕೆಳಗಿನ ತುದಿ ತೆರೆದೇ ಉಳಿದರೆ ಮಗು ಬೆನ್ನುಹುರಿಯ ದೋಷದಿಂದ ಹುಟ್ಟುತ್ತದೆ. ಕಾಲು ಆಡದಿರಬಹುದು, ಮಲಮೂತ್ರದ ಹಿಡಿತ ಇಲ್ಲದಿರಬಹುದು. ಈ ಮುಚ್ಚುವ ಕೆಲಸ ಗರ್ಭ ಧರಿಸಿದ 28ನೇ ದಿನದ ಹೊತ್ತಿಗೆ ಮುಗಿದುಹೋಗುತ್ತದೆ. 22ನೇ ದಿನದ ಸುಮಾರಿಗೆ, ಇನ್ನೂ ಒಂದು ಸಣ್ಣ ಕೊಳವೆಯಂತಿರುವ ಹೃದಯ ಮಿಡಿಯತೊಡಗುತ್ತದೆ.

ಈಗ ಲೆಕ್ಕ ಹಾಕಿ ನೋಡಿ. ಗರ್ಭ ಧರಿಸಿ ಎರಡು ವಾರವಾದಾಗ ಮುಟ್ಟಿನ ದಿನ ಬರುತ್ತದೆ. ಅದು ತಪ್ಪಿತೆಂದು ತಿಳಿಯಲು, ನಾಲ್ಕು ದಿನ ಕಾದು ನೋಡಲು, ನಾಚುತ್ತಾ ಗಂಡನಿಗೆ ಹೇಳಲು, ಮೆಡಿಕಲ್ ಶಾಪ್‌ನಿಂದ ಪರೀಕ್ಷೆಯ ಪಟ್ಟಿ ತರಿಸಲು ಇನ್ನೊಂದೆರಡು ವಾರ. ಅತ್ತೆಗೆ ಸುದ್ದಿ ತಲುಪುವಾಗ ಆ ಮಗುವಿನ ಹೃದಯ ಮಿಡಿದಾಗಿದೆ, ಬೆನ್ನುಹುರಿಯ ನಳಿಕೆ ಮುಚ್ಚಿ ಆಗಿದೆ. ಮಿಠಾಯಿ ಹಂಚುವ ಹೊತ್ತಿಗೆ ಅತಿ ಸೂಕ್ಷ್ಮವಾದ ಕೆಲಸದ ದೊಡ್ಡ ಪಾಲು, ಯಾರಿಗೂ ತಿಳಿಯದೆ, ಯಾರ ಕೈಯೂ ತಾಗದೆ ನಡೆದುಹೋಗಿದೆ. ಅಝ್ಝುಮರ್ ಅಧ್ಯಾಯದಲ್ಲಿ ಮೂರು ಕತ್ತಲೆಗಳ ಪ್ರಸ್ತಾಪವಿದೆ. ಹೊಟ್ಟೆ, ಗರ್ಭಕೋಶ, ಮಗುವನ್ನು ಸುತ್ತಿದ ಪೊರೆ ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ.

ಈ ಲೆಕ್ಕದಲ್ಲೇ ಇನ್ನೊಂದು ವಿಷಯ ಇದೆ. ಇದರಿಂದ ಮನೆಗಳು ಒಡೆಯುವ ಹಂತಕ್ಕೆ ಹೋದದ್ದನ್ನು ನಾವು ಕಂಡಿದ್ದೇವೆ. ವೈದ್ಯರು ಗರ್ಭದ ವಾರಗಳನ್ನು ಎಣಿಸುವುದು ಗರ್ಭ ಧರಿಸಿದ ದಿನದಿಂದಲ್ಲ. ಆ ದಿನ ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಹಾಗಾಗಿ ಆಸ್ಪತ್ರೆಯ ಲೆಕ್ಕ ಯಾವಾಗಲೂ ನಿಜವಾದ ವಯಸ್ಸಿಗಿಂತ ಸುಮಾರು ಎರಡು ವಾರ ಮುಂದೆ ಇರುತ್ತದೆ. ತುಂಬು ಗರ್ಭ 280 ದಿನ ಎನ್ನುವುದು ಈ ಲೆಕ್ಕದಿಂದ; ಗರ್ಭ ಧರಿಸಿದಂದಿನಿಂದ ಎಣಿಸಿದರೆ 266. ಈಗ ದುಬೈಯಿಂದಲೋ ದಮ್ಮಾಮ್‌ನಿಂದಲೋ ರಜೆಯ ಮೇಲೆ ಬಂದು ಒಂದು ತಿಂಗಳಾದ ಗಂಡನನ್ನು ನೆನೆಯಿರಿ. ಹೆಂಡತಿಯ ಸ್ಕ್ಯಾನಿಂಗ್ ಚೀಟಿಯಲ್ಲಿ ಆರು ವಾರ ಎಂದು ಬರೆದಿದೆ. ಅವನು ಬೆರಳು ಮಡಿಸಿ ಎಣಿಸುತ್ತಾನೆ. ನಾನು ಬಂದು ನಾಲ್ಕು ವಾರ ಚಿಲ್ಲರೆ, ಇಲ್ಲಿ ಆರು ಹೇಗೆ? ಬಾಯಿಬಿಟ್ಟು ಕೇಳದಿದ್ದರೆ ಆ ಸಂಶಯ ಹೊಟ್ಟೆಯೊಳಗೆ ಕೊಳೆಯುತ್ತದೆ. ಅಕ್ಕನ ಬಳಿಯೋ ತಾಯಿಯ ಬಳಿಯೋ ಹೇಳಿದರೆ ಅದು ಓಣಿಯ ಮಾತಾಗುತ್ತದೆ. ಸತ್ಯ ಏನೆಂದರೆ ಆ ಚೀಟಿ ಅವನ ಹೆಂಡತಿಯ ಪರವಾಗಿಯೇ ಸಾಕ್ಷಿ ಹೇಳುತ್ತಿದೆ: ಆರು ವಾರ ಎಂದರೆ ಗರ್ಭದ ವಯಸ್ಸು ನಾಲ್ಕು ವಾರ. ಸ್ಕ್ಯಾನಿಂಗ್‌ನ ಅಳತೆಯಲ್ಲಿ ಕೆಲವು ದಿನಗಳ ಆಚೆ-ಈಚೆಯೂ ಸಹಜ.

ಪರಿಶುದ್ಧ ಸ್ತ್ರೀಯ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರದವನಿಗೆ 80 ಛಡಿಯೇಟು, ಮುಂದೆಂದೂ ಅವನ ಸಾಕ್ಷ್ಯ ಸ್ವೀಕಾರವಿಲ್ಲ ಎಂಬುದು ಅನ್ನೂರ್ ಅಧ್ಯಾಯದ ಆದೇಶ. ಗಂಡನ ಆರೋಪಕ್ಕೆ ಲಿಆನ್ ಎಂಬ ಬೇರೆಯೇ ವಿಧಿ ಇದೆ. ಅದೂ ಅಲ್ಲಾಹನ ಶಾಪವನ್ನು ತನ್ನ ಮೇಲೆ ಕರೆದುಕೊಳ್ಳುವ ಪ್ರಮಾಣ, ಆಟದ ಮಾತಲ್ಲ. ಪ್ರವಾದಿ(ಸ)ರ ಕಾಲದಲ್ಲೂ ಒಬ್ಬ ಗ್ರಾಮೀಣ ಅರಬ ಬಂದು, ನನ್ನ ಹೆಂಡತಿ ಕಪ್ಪು ಮಗುವನ್ನು ಹೆತ್ತಿದ್ದಾಳೆ ಎಂದು ಸೂಚ್ಯವಾಗಿ ಸಂಶಯ ತೋಡಿಕೊಂಡ. ಪ್ರವಾದಿ(ಸ) ಅವನನ್ನು ಗದರಲಿಲ್ಲ. ನಿನ್ನ ಬಳಿ ಒಂಟೆಗಳಿವೆಯೇ, ಅವುಗಳ ಬಣ್ಣ ಏನು, ಅವುಗಳಲ್ಲಿ ಬೂದು ಬಣ್ಣದ್ದು ಇದೆಯೇ ಎಂದು ಕೇಳುತ್ತಾ ಹೋದರು. ಇದೆ ಎಂದಾಗ, ಅದು ಎಲ್ಲಿಂದ ಬಂತು ಎಂದರು. ಯಾವುದೋ ಹಿಂದಿನ ತಳಿಯ ಎಳೆ ಇರಬೇಕು ಎಂದ ಅವನು. ನಿನ್ನ ಮಗನದೂ ಹಾಗೆಯೇ ಇರಬಹುದಲ್ಲ ಎಂದು ಅವನ ಬಾಯಿಂದ ಬಂದ ಉತ್ತರವನ್ನೇ ಅವನಿಗೆ ತಿರುಗಿಸಿದರು. ಸಂಶಯ ಬಂದವನು ಎಣಿಕೆ ಗೊತ್ತಿರುವವರ ಬಳಿ ಹೋಗಬೇಕು. ಚೀಟಿ ಹಿಡಿದು ನೇರ ವೈದ್ಯರ ಬಳಿಗೆ ಹೋಗಿ ಕೇಳಿ. ಐದು ನಿಮಿಷದ ಮಾತು.

ನಾಲ್ಕನೇ ವಾರದ ಕೊನೆಗೆ ಕೈಗಳ, ಬಳಿಕ ಕಾಲುಗಳ ಮೊಗ್ಗು ಮೂಡುತ್ತದೆ. ಕಣ್ಣು, ಕಿವಿ, ತುಟಿ ರೂಪ ಪಡೆಯುತ್ತವೆ. ಮೊದಲು ಹುಟ್ಟಿನಂತೆ ಚಪ್ಪಟೆಯಾಗಿದ್ದ ಅಂಗೈಯಲ್ಲಿ ಬೆರಳುಗಳ ನಡುವಿನ ಕಣಗಳು ತಾವಾಗಿ ಸತ್ತು, ಬೆರಳುಗಳು ಬಿಡಿಯಾಗುತ್ತವೆ. ಎಂಟು ವಾರ, ಅಂದರೆ 56 ದಿನ ತುಂಬುವಾಗ ಮಗುವಿನ ಉದ್ದ ಸುಮಾರು ಮೂರು ಸೆಂಟಿಮೀಟರ್. ಮುಖ್ಯ ಅಂಗಗಳೆಲ್ಲದರ ಅಡಿಪಾಯ ಬಿದ್ದಾಗಿದೆ. ಇನ್ನು ಮುಂದಿನದು ಹೆಚ್ಚಾಗಿ ಬೆಳವಣಿಗೆ. ಹುಝೈಫಾ ಇಬ್ನು ಅಸೀದ್(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್‌ನಲ್ಲಿ, 42 ರಾತ್ರಿಗಳು ಕಳೆದಾಗ ಮಲಕ್ ಒಬ್ಬರು ಕಳುಹಿಸಲ್ಪಟ್ಟು ಅದಕ್ಕೆ ರೂಪ ಕೊಡುತ್ತಾರೆ, ಕಿವಿ, ಕಣ್ಣು, ಚರ್ಮ, ಮಾಂಸ, ಎಲುಬುಗಳನ್ನು ಸಜ್ಜುಗೊಳಿಸುತ್ತಾರೆ ಎಂಬ ವಿವರಣೆ ಇದೆ. ಅಬ್ದುಲ್ಲಾ ಇಬ್ನು ಮಸ್‌ಊದ್(ರ)ರ ಪ್ರಸಿದ್ಧ ಹದೀಸ್ ನಲವತ್ತು ನಲವತ್ತು ದಿನಗಳ ಹಂತಗಳನ್ನು ಹೇಳಿ ಆ ಬಳಿಕ ರೂಹ್ ಊದುವುದನ್ನು ತಿಳಿಸುತ್ತದೆ. ಹೆಚ್ಚಿನ ವಿದ್ವಾಂಸರು ಇದನ್ನು 120 ದಿನ ಎಂದು ಗ್ರಹಿಸಿದ್ದಾರೆ. ರೂಹ್ ಎಂದರೇನು ಎಂಬುದು ಸ್ಕ್ಯಾನಿಂಗ್‌ಗೆ ಕಾಣುವ ವಿಷಯವಲ್ಲ. ಆದರೆ 120 ದಿನಕ್ಕೆ ಮೊದಲು ಅಲ್ಲೇನೂ ಇಲ್ಲ, ಬರೀ ರಕ್ತದ ಮುದ್ದೆ ಎಂದು ಹಗುರವಾಗಿ ಮಾತನಾಡುವವರು ನಮ್ಮಲ್ಲಿದ್ದಾರೆ. ಅದು ಫಿಕ್‌ಹ್ ಅಲ್ಲ. ಗರ್ಭದಲ್ಲಿರುವ ಮಗುವಿಗಾಗಿ ವಾರಸು ಆಸ್ತಿಯಲ್ಲಿ ಪಾಲು ತೆಗೆದಿಡುವುದು ನಮ್ಮ ಶರೀಅತ್. ಹುಝೈಲ್ ಗೋತ್ರದ ಹೆಣ್ಣೊಬ್ಬಳು ಇನ್ನೊಬ್ಬಳಿಗೆ ಕಲ್ಲೆಸೆದು ಹೊಟ್ಟೆಯ ಮಗು ಸತ್ತಾಗ, ಪ್ರವಾದಿ(ಸ) ಆ ಮಗುವಿಗೆಂದೇ ಬೇರೆ ಪರಿಹಾರಧನ ವಿಧಿಸಿದರು. ಅಳದ, ಮಾತನಾಡದ ಜೀವಕ್ಕೆ ಎಂಥ ಪರಿಹಾರ ಎಂದು ಪ್ರಾಸ ಕಟ್ಟಿ ವಾದಿಸಿದವನ ಮಾತನ್ನು ಅವರು ಒಪ್ಪಲಿಲ್ಲ.

ತಾಯಿ ಮತ್ತು ಮಗುವಿನ ನಡುವೆ ಮಾಸು ಎಂಬ ಅಂಗವಿದೆ. ಅದರ ಬಹುಪಾಲನ್ನು ಕಟ್ಟುವುದು ಮಗುವಿನ ಕಡೆಯ ಕಣಗಳೇ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಇಬ್ಬರ ರಕ್ತವೂ ಬೆರೆಯದಂತೆ, ಆದರೆ ಆಹಾರ, ಆಮ್ಲಜನಕ ದಾಟುವಂತೆ ಅದು ಏರ್ಪಾಟು ಮಾಡುತ್ತದೆ. ಆದರೆ ಅದು ಎಲ್ಲ ವಿಷವನ್ನೂ ತಡೆಯುವ ಕಾವಲುಗಾರನಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ಮಾರಾಟಕ್ಕೆ ಬಂತು. ನಿದ್ರೆಗೂ ಬಸುರಿಯರ ವಾಕರಿಕೆಗೂ ಒಳ್ಳೆಯದು, ಏನೂ ಅಪಾಯವಿಲ್ಲ ಎಂದು ಹಲವು ದೇಶಗಳಲ್ಲಿ ಕೊಟ್ಟರು. 1961ರ ಕೊನೆಗೆ ಹಿಂತೆಗೆದುಕೊಳ್ಳುವಾಗ ತಡವಾಗಿತ್ತು. ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ದೋಷದೊಂದಿಗೆ ಹುಟ್ಟಿದರೆಂದು ಅಂದಾಜು. ಗರ್ಭ ಧರಿಸಿದ 20ನೇ ದಿನದಿಂದ 36ನೇ ದಿನದ ನಡುವೆ ತೆಗೆದುಕೊಂಡವರ ಮಕ್ಕಳಿಗೇ ಹೆಚ್ಚಿನ ಹಾನಿ. ಅಂದರೆ ಹಲವು ತಾಯಂದಿರಿಗೆ ತಾವು ಬಸುರಿ ಎಂಬುದೇ ಆಗಷ್ಟೇ ತಿಳಿಯುತ್ತಿದ್ದ ದಿನಗಳು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿ ಪುರಾವೆ ಸಾಲದು ಎಂದು ಪಟ್ಟು ಹಿಡಿದು ಅನುಮತಿ ಕೊಡದೆ ಇದ್ದುದರಿಂದ ಅಲ್ಲಿನ ಲೆಕ್ಕವಿಲ್ಲದಷ್ಟು ಮಕ್ಕಳು ಉಳಿದರು. ಆದ್ದರಿಂದ ಮದುವೆಯಾಗಿ ಮಗುವಿನ ನಿರೀಕ್ಷೆಯಲ್ಲಿರುವ ಹೆಣ್ಣುಮಗಳು ಅಂಗಡಿಯಿಂದ ಚೀಟಿಯಿಲ್ಲದೆ ಮಾತ್ರೆ ತರಿಸಿ ನುಂಗಬಾರದು. ಹೆಸರು ಹೇಳದ ಹಕೀಮರ ಪುಡಿಗೂ ಇದೇ ಮಾತು. ಮೊದಲೇ ಸಕ್ಕರೆ ಕಾಯಿಲೆ, ಫಿಟ್ಸ್, ಥೈರಾಯ್ಡ್ ಇದ್ದು ಔಷಧಿ ತೆಗೆದುಕೊಳ್ಳುತ್ತಿರುವವರು ಅದನ್ನು ತಾವಾಗಿ ನಿಲ್ಲಿಸಲೂಬಾರದು. ಗರ್ಭಕ್ಕೆ ಮೊದಲೇ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಬೇಕು.

ಫೋಲಿಕ್ ಆಸಿಡ್ ಮಾತ್ರೆಯ ವಿಷಯ ನಮ್ಮ ಹಿರಿಯ ತಾಯಂದಿರಿಗೆ ಹೇಳಲೇಬೇಕು. ಕರ್ಜಿಕಾಯಿಯ ಅಂಚು ಸರಿಯಾಗಿ ಕೂಡಲು ಬೇಕಾದದ್ದು ಇದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ 1991ರ ವರದಿಯಲ್ಲಿ, ಒಮ್ಮೆ ಇಂಥ ದೋಷದ ಮಗುವನ್ನು ಹೆತ್ತ ತಾಯಂದಿರು ಮುಂದಿನ ಗರ್ಭಕ್ಕೆ ಮೊದಲೇ ಇದನ್ನು ತೆಗೆದುಕೊಂಡಾಗ ದೋಷ ಮರುಕಳಿಸುವುದು ಸುಮಾರು ಮುಕ್ಕಾಲು ಪಾಲು ತಗ್ಗಿತ್ತು. ಸಾಮಾನ್ಯ ಹೆಣ್ಣುಮಕ್ಕಳಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಮೊದಲು ದೋಷದ ಮಗು ಆದವರಿಗೆ ವೈದ್ಯರು ಹೆಚ್ಚು ಕೊಡುತ್ತಾರೆ. ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಆರಂಭಿಸಬೇಕು. ಸುದ್ದಿ ತಿಳಿದ ಮೇಲೆ ಆರಂಭಿಸಿದರೆ ಆ 28 ದಿನಗಳು ಕಳೆದಿರುತ್ತವೆ. ಬೆಲೆ ತೀರಾ ಕಡಿಮೆ; ಸರಕಾರಿ ಆರೋಗ್ಯ ಕೇಂದ್ರದಲ್ಲಿ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಉಚಿತವಾಗಿಯೂ ಸಿಗುತ್ತದೆ. ಮೆಂತ್ಯೆ ಸೊಪ್ಪು, ಪಾಲಕ್, ಕಡಲೆ, ಹೆಸರುಕಾಳು ಎಲ್ಲವೂ ಒಳ್ಳೆಯದು, ಆದರೆ ಮಾತ್ರೆಗೆ ಬದಲಲ್ಲ. ನಿಕಾಹ್‌ನ ದಿನ ವಧುವಿಗೆ ಕೊಡುವ ನೂರೆಂಟು ವಸ್ತುಗಳ ನಡುವೆ ಈ ಮಾತ್ರೆಯ ಒಂದು ಪಟ್ಟಿಯೂ ಇರಲಿ ಎಂದು ನಾವು ಅರ್ಧ ತಮಾಷೆಯಲ್ಲಿ ಹೇಳುವುದುಂಟು. ಅರ್ಧ ತಮಾಷೆ ಮಾತ್ರ.

ರುಬೆಲ್ಲಾ ಎಂಬ ಸಣ್ಣ ಜ್ವರ-ಗುಳ್ಳೆ ತಾಯಿಗೆ ಮೂರು ದಿನದ ತೊಂದರೆ. ಗರ್ಭದ ಮೊದಲ ವಾರಗಳಲ್ಲಿ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿ. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಇದನ್ನು ಗುರುತಿಸಿದರು. 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಬಂದಾಗ ವಾಟ್ಸಾಪ್‌ನಲ್ಲಿ ಹರಿದಾಡಿದ ವದಂತಿಗಳು ನಿಮಗೆ ನೆನಪಿರಬಹುದು. ಸಂತಾನ ಕುಂಠಿತಗೊಳಿಸುವ ಲಸಿಕೆ ಎಂದರು. ಆ ಲಸಿಕೆ ಹುಟ್ಟಿದ್ದೇ ಸಂತಾನವನ್ನು ಕಾಪಾಡಲು. ಆಗ ತಪ್ಪಿಸಿಕೊಂಡ ಹುಡುಗಿಯರು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಗರ್ಭಕ್ಕೆ ಮೊದಲೇ ಹಾಕಿಸಬೇಕು, ಗರ್ಭದಲ್ಲಿರುವಾಗ ಹಾಕಿಸುವಂತಿಲ್ಲ.

ಗಂಡಸರಿಗೆ: ಬೀಡಿ, ಸಿಗರೇಟು, ಹುಕ್ಕಾದ ಹೊಗೆಯನ್ನು ಮನೆಯೊಳಗೆ ಬಿಡಬೇಡಿ, ಅದೂ ಮಾಸನ್ನು ದಾಟುತ್ತದೆ. ರಮಝಾನ್‌ನಲ್ಲಿ ತನಗೋ ಮಗುವಿಗೋ ತೊಂದರೆಯಾದೀತು ಎಂಬ ಭಯವಿದ್ದರೆ ಬಸುರಿಗೆ ಉಪವಾಸ ಬಿಡಲು ಶರೀಅತ್ ರಿಯಾಯಿತಿ ಕೊಟ್ಟಿದೆ. ಅತ್ತೆ ಮನೆಯ ಮರ್ಯಾದೆಗೆ ಅಂಜಿ ವಾಂತಿ ಮಾಡುತ್ತಲೇ ಉಪವಾಸ ಹಿಡಿಯುವ ಸೊಸೆಯಂದಿರಿದ್ದಾರೆ. ಅವರಿಗೆ ಆ ಭಯ ತಪ್ಪಿಸುವುದು ಮನೆಯ ಹಿರಿಯರ ಕೆಲಸ.

ಈಗ ಗರ್ಭಪಾತದ ಮಾತು. ತಿಳಿದುಬಂದ ಗರ್ಭಗಳಲ್ಲೇ ನೂರಕ್ಕೆ 10ರಿಂದ 20 ತಾವಾಗಿ ಬಿದ್ದುಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಆಗುವವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ಎಣಿಕೆಯಲ್ಲಿನ ವ್ಯತ್ಯಾಸ. 23 ಮತ್ತು 23 ಕೂಡುವಾಗ ಒಂದು ಹೆಚ್ಚಾದರೆ, ಒಂದು ಕಡಿಮೆಯಾದರೆ, ಹೆಚ್ಚಿನ ಸಂದರ್ಭಗಳಲ್ಲಿ ಮೊದಲ ದಿನವೇ ಆ ಗರ್ಭ ನಿಲ್ಲದೆಂದು ತೀರ್ಮಾನವಾಗಿರುತ್ತದೆ. ರಕ್ತ ಕಾಣುವುದು ಎಂಟು-ಹತ್ತು ವಾರಗಳ ಬಳಿಕ. ಆ ಹೊತ್ತಿಗೆ ಅವಳು ಯಾವುದೋ ಮದುವೆಗೆ ಹೋಗಿರುತ್ತಾಳೆ, ಎರಡು ಬಕೆಟ್ ಬಟ್ಟೆ ಒಗೆದಿರುತ್ತಾಳೆ, ಗ್ರಹಣದ ದಿನ ತರಕಾರಿ ಹೆಚ್ಚಿರುತ್ತಾಳೆ. ಮನೆಯವರ ಬೆರಳು ಅಲ್ಲಿಗೆ ಹೋಗುತ್ತದೆ. ದಿನನಿತ್ಯದ ಮನೆಗೆಲಸದಿಂದ, ಹೆದರಿಕೆಯಿಂದ, ಮೆಟ್ಟಿಲು ಹತ್ತಿದ್ದರಿಂದ ಗರ್ಭ ಬೀಳುವುದಿಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಅಲ್ ಹಜ್ಜ್ ಅಧ್ಯಾಯದ 5ನೇ ವಚನದಲ್ಲಿ ಮುದ್ಗಾ ಎರಡು ಬಗೆ: ಪೂರ್ಣ ರೂಪ ಪಡೆದದ್ದು, ಪಡೆಯದ್ದು. ಗರ್ಭಕೋಶದಲ್ಲಿ ತಾನು ಇಚ್ಛಿಸಿದ್ದನ್ನು ನಿಲ್ಲಿಸುವವನು ಅಲ್ಲಾಹನೆಂದು ಅದೇ ವಚನ ಹೇಳುತ್ತದೆ. ಅಲ್ಲಾಹನು ತನ್ನ ಇಚ್ಛೆಗೆ ಬಿಟ್ಟುಕೊಂಡದ್ದನ್ನು ಸೊಸೆಯ ಕಾಲ್ಗುಣಕ್ಕೆ ಕಟ್ಟುವುದು ಬರೀ ಕಟು ಮಾತಲ್ಲ, ಅಕೀದಾದ ದೋಷ. ಶಕುನ ನೋಡುವುದನ್ನು ಪ್ರವಾದಿ(ಸ) ಶಿರ್ಕ್‌ಗೆ ಸೇರಿಸಿದ್ದಾರೆ. ಮೂರು ಬಾರಿ ಹೀಗಾದರೆ, ಎರಡು ಬಾರಿಯಾದರೂ ಸರಿ, ಪರೀಕ್ಷೆ ಮಾಡಿಸಬೇಕು. ಆ ಪರೀಕ್ಷೆಯ ಪಟ್ಟಿಯಲ್ಲಿ ಗಂಡನ ರಕ್ತವೂ ಇರುತ್ತದೆ. ತಾವೀಝ್ ಕೇಳಿ ಬಂದವರಿಗೆ ನಾವು ದುಆ ಮಾಡುತ್ತೇವೆ, ಜತೆಗೆ ಈ ಮಾತನ್ನೂ ಹೇಳಿ ಕಳುಹಿಸುತ್ತೇವೆ. ಕೆಲವರಿಗೆ ಹಿಡಿಸುವುದಿಲ್ಲ.

ಮರ್ಯಮ್(ಅ)ರನ್ನು ನೆನೆಯಿರಿ. ಖರ್ಜೂರದ ಮರದ ಬುಡದಲ್ಲಿ ಒಬ್ಬಂಟಿಯಾಗಿ ಹೆರಿಗೆಯ ನೋವು ತಿನ್ನುತ್ತಾ, ಇದಕ್ಕೆ ಮೊದಲೇ ಸತ್ತಿದ್ದರೆ ಚೆನ್ನಿತ್ತು ಎಂದುಕೊಂಡವರು ಅವರು. ಆಗ ಬಂದ ಕರೆಯಲ್ಲಿ ಮೊದಲನೆಯದು ದುಃಖಿಸಬೇಡ ಎಂಬ ಸಾಂತ್ವನ. ಬಳಿಕ ಕಾಲಡಿಯಲ್ಲಿ ನೀರು, ಕೈಗೆ ತಾಜಾ ಖರ್ಜೂರ. ಬಳಿಕ, ಜನ ಕೇಳಿದರೆ ಇಂದು ಯಾರೊಂದಿಗೂ ಮಾತನಾಡುವುದಿಲ್ಲವೆಂದು ತಿಳಿಸುವ ಅನುಮತಿ. ಜನರ ಬಾಯಿಗೆ ಉತ್ತರ ಕೊಡುವ ಹೊರೆಯನ್ನು ಅಲ್ಲಾಹನು ಆ ದಿನ ಅವರ ಮೇಲೆ ಹಾಕಲಿಲ್ಲ. ನಮ್ಮ ಮನೆಗಳಲ್ಲಿ ಗರ್ಭ ಕಳೆದುಕೊಂಡು ಆಸ್ಪತ್ರೆಯಿಂದ ಬಂದ ಹೆಣ್ಣುಮಗಳನ್ನು ಸಂಜೆಯೊಳಗೆ ಹತ್ತು ಮಂದಿ ಸುತ್ತುವರಿದು ಹೇಗಾಯಿತು, ಏನು ತಿಂದಿದ್ದೆ ಎಂದು ವಿಚಾರಣೆ ನಡೆಸುತ್ತಾರೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಆ ಮಕ್ಕಳೇ ನರಕದಿಂದ ತಡೆಯಾಗುವರು ಎಂದು ಪ್ರವಾದಿ(ಸ) ಹೇಳಿದಾಗ, ಇಬ್ಬರು ಮಕ್ಕಳಾದರೋ ಎಂದು ಒಬ್ಬಾಕೆ ಕೇಳಿದರು, ಇಬ್ಬರಾದರೂ ಎಂದರು. ಬಿದ್ದುಹೋದ ಮಗು ಸಹನೆ ವಹಿಸಿದ ತಾಯಿಯನ್ನು ಸ್ವರ್ಗಕ್ಕೆ ಸೆಳೆದೊಯ್ಯುವುದೆಂಬ ವರದಿ ಇಬ್ನು ಮಾಜಃದಲ್ಲಿದೆ. ಅದರ ಸನದ್‌ನ ಬಗ್ಗೆ ಮುಹದ್ದಿಸ್‌ಗಳಲ್ಲಿ ಮಾತಿದೆ. ಅಲ್ಲಾಹನ ಕರುಣೆಯ ಬಗ್ಗೆ ಯಾರಲ್ಲೂ ಮಾತಿಲ್ಲ.

ಕೊನೆಯದಾಗಿ ಜನ ಕೇಳಲು ಅಳುಕುವ ಎರಡು ಮಸ್‌ಅಲಾಗಳು. ಗರ್ಭಪಾತದ ಬಳಿಕದ ರಕ್ತಸ್ರಾವದಲ್ಲಿ ನಮಾಝ್ ಇದೆಯೇ ಎಂಬುದು ಒಂದು. ಹನಫಿ ಮದ್‌ಹಬ್‌ನಂತೆ ಬಿದ್ದ ಪಿಂಡದಲ್ಲಿ ಬೆರಳು, ಉಗುರು, ಕೂದಲು ಹೀಗೆ ಯಾವುದಾದರೂ ಅಂಗ ಮೂಡಿದ್ದರೆ ಅದು ನಿಫಾಸ್, ಹೆರಿಗೆಯ ನಂತರದ್ದೇ ವಿಧಿ. ಏನೂ ಮೂಡಿರದಿದ್ದರೆ ಮುಟ್ಟಿನದೋ ಇಸ್ತಿಹಾಝಾದ್ದೋ ವಿಧಿ. ಶಾಫಿಈ ಮದ್‌ಹಬ್‌ನಲ್ಲಿ ಬರೀ ಮಾಂಸದ ತುಣುಕಿದ್ದರೂ ನಿಫಾಸ್ ಎಂದೇ ಪರಿಗಣನೆ. ಹಾಗಾಗಿ ಎಷ್ಟು ವಾರವಾಗಿತ್ತು, ವೈದ್ಯರು ಏನೆಂದರು ಎಂಬುದನ್ನು ತಿಳಿಸಿ ಕೇಳಬೇಕು. ಸಹೋದರಿಯರು ನಮ್ಮ ಮನೆಯವರ ಮೂಲಕ ಕೇಳಿಸಬಹುದು.

ಎರಡನೆಯದು ದಫನ. ಅಂಗಾಂಗ ಮೂಡಿದ ಪಿಂಡವನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಬೇಕು. ನಾಲ್ಕು ತಿಂಗಳು ತುಂಬಿದ್ದರೆ ಸ್ನಾನವನ್ನೂ ಮಾಡಿಸಬೇಕು. ಹುಟ್ಟಿ ಅತ್ತು ಅಥವಾ ಮಿಸುಕಾಡಿ ಬಳಿಕ ತೀರಿಕೊಂಡಿದ್ದರೆ ಹೆಸರು, ಕಫನ್, ಜನಾಝಾ ನಮಾಝ್ ಎಲ್ಲವೂ ದೊಡ್ಡವರಂತೆಯೇ. ಇನ್ನೂ ಸಣ್ಣದಿದ್ದರೂ ಬಟ್ಟೆಯಲ್ಲಿ ಸುತ್ತಿ ಹೂಳುವುದೇ ಒಳ್ಳೆಯದು. ಆಸ್ಪತ್ರೆಯವರಿಗೆ ಮೊದಲೇ ಹೇಳಿಟ್ಟರೆ ಕೊಡುತ್ತಾರೆ. ಹೇಳದಿದ್ದರೆ ಅವರ ಕಸದ ವಿಲೇವಾರಿಗೆ ಹೋಗುತ್ತದೆ. ನಮ್ಮ ಕಬರಸ್ತಾನದ ಪೂರ್ವದ ಗೋಡೆಯ ಪಕ್ಕ ಇದಕ್ಕೆಂದೇ ಜಾಗ ಬಿಡಲಾಗಿದೆ. ಹೆಸರಿಲ್ಲದಿದ್ದರೂ ರಿಜಿಸ್ಟರ್‌ನಲ್ಲಿ ತಂದೆ-ತಾಯಿ ಇಬ್ಬರ ಹೆಸರನ್ನೂ ಬರೆಯುವಂತೆ ಕಮಿಟಿಯವರಿಗೆ ತಿಳಿಸಿದ್ದೇವೆ. ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಗೇಟಿನ ಬೀಗದ ಕೈ ಮುಅಝ್ಝಿನ್ ಸಾಹೇಬರ ಬಳಿ ಇದೆ. ರಾತ್ರಿ ಎಷ್ಟು ಹೊತ್ತಾದರೂ ಬಾಗಿಲು ತಟ್ಟಬಹುದು.